ಗುಲಾಬಿಗೆ ಹೇಳದ ವ್ರತ

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಕೊನೆಯ ಆರು ವರ್ಷ ಹೆಡ್‌ಮಿಸ್ಸೂ ಆಗಿ ನಿವೃತ್ತಳಾದ ಮರುದಿನ, ನಾನು ಬೆಳಿಗ್ಗೆ ಎಂಟೂವರೆಗೆ ಸೀರೆ ಉಟ್ಟು, ಪಿನ್ನು ಚುಚ್ಚಿ, ಜಗಲಿಗೆ ಬಂದು ಕುಳಿತೆ. ಎಲ್ಲಿಗೆ ಹೋಗಬೇಕು ಎಂಬುದೊಂದು ಗೊತ್ತಿರಲಿಲ್ಲ. ನಮ್ಮ ಮನೆಯವರು ಪಾಸ್ಕಲ್, ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು, ನನಗಿಂತ ನಾಲ್ಕು ವರ್ಷ ಮೊದಲೇ ನಿವೃತ್ತರಾಗಿ ಈ ವಿದ್ಯೆಯಲ್ಲಿ ಪಳಗಿದವರು. ಒಳಗಿನಿಂದ ಒಮ್ಮೆ ಇಣುಕಿ, ನಗು ನುಂಗಿಕೊಂಡು, ಮತ್ತೆ ಪೇಪರಿಗೆ ಮುಖ ಹಾಕಿದರು.

ಆಗ ಗೇಟು ತೆಗೆದು ಬಂದವಳು ಗುಲಾಬಿ. ನಮ್ಮ ಮನೆಗೆ ಇಪ್ಪತ್ತೆರಡು ವರ್ಷದಿಂದ ಮೀನು ತರುವವಳು. ಆದರೆ ಅಷ್ಟು ವರ್ಷದಲ್ಲಿ ನಾನು ಅವಳ ಮುಖ ಸರಿಯಾಗಿ ನೋಡಿದ್ದು ಭಾನುವಾರಗಳಲ್ಲಿ ಮಾತ್ರ. ಅವಳು ಬರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತಿದ್ದೆ. ಮೊದಲು ನಮ್ಮ ಅತ್ತೆ ಅವಳಿಂದ ಮೀನು ತೆಗೆದುಕೊಳ್ಳುತ್ತಿದ್ದರು, ಅತ್ತೆ ತೀರಿದ ಮೇಲೆ ಪಾಸ್ಕಲ್.

"ಹ್ವಾಯ್ ಟೀಚ್ರೆ, ಇವತ್ತ್ ಶಾಲಿ ಇಲ್ಯಾ?" ಎಂದಳು.

"ಮುಗಿಯಿತು ಗುಲಾಬಿ. ಇನ್ನು ಶಾಲೆ ಇಲ್ಲ."

ಅವಳು ಹೆಡಿಗೆ ಇಳಿಸಿ, ಮೇಲಿಂದ ಕೆಳಗಿನವರೆಗೆ ನನ್ನನ್ನೊಮ್ಮೆ ನೋಡಿದಳು. "ಹಾಂಗಾರೆ ಸೀರಿ ಬದ್ಲ್ ಮಾಡ್ಕಂಡ್ ಬನ್ನಿ. ಮೀನ್ ಕೊಯ್ಯುದ್ ಕಲ್ಸ್ತೆ."

ಅರವತ್ತು ದಾಟಿದ ಹೆಂಗಸಿಗೆ ಮೀನು ಕೊಯ್ಯಲು ಬಾರದು ಎಂದರೆ ನಮ್ಮ ತ್ರಾಸಿಯಲ್ಲಿ ಯಾರೂ ನಂಬುವುದಿಲ್ಲ. ಗುಲಾಬಿಗೆ ಮಾತ್ರ ಅದು ಗೊತ್ತಿತ್ತು. ಮಕ್ಕಳ ಮುಂದೆ ಕಪ್ಪೆ ಕೊಯ್ದು ಹೃದಯ ತೋರಿಸಿದವಳು ನಾನು. ಆದರೆ ಮೆಟ್ಟುಕತ್ತಿಯ ಮುಂದೆ ಕುಳಿತು ಬೈಗೆ ಮೀನಿನ ಹೊಟ್ಟೆ ತೆಗೆಯಲು ನನಗೆ ಒಂದು ವಾರ ಬೇಕಾಯಿತು. ಅವಳು ಒಮ್ಮೆಯೂ ಬೈಯಲಿಲ್ಲ. ನಾನಾಗಿದ್ದರೆ ಎರಡನೇ ದಿನವೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕಿವಿರು ಎತ್ತಿ ಕೆಂಪಿದೆಯೇ ಎಂದು ನೋಡುವುದು, ಕಣ್ಣು ನೋಡುವುದು, ಬೆರಳಿನಿಂದ ಒತ್ತಿ ನೋಡುವುದು, ಎಲ್ಲ ಅವಳೇ ಕಲಿಸಿದಳು. ನಿವೃತ್ತಿಯಲ್ಲಿ ನಾನು ಕಲಿತ ಮೊದಲ ಪಾಠ ಅದು, ಮತ್ತು ನನ್ನ ಟೀಚರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ಗುಲಾಬಿಯ ಮನೆ ಕಿರಿಮಂಜೇಶ್ವರದ ಕಡಲ ಬದಿಯಲ್ಲಿ. ಬೆಳಕು ಹರಿಯುವ ಮೊದಲೇ ಹೊರಟು ಗಂಗೊಳ್ಳಿ ಬಂದರಿಗೆ ಹೋಗುತ್ತಾಳೆ. ಏಲಂನಲ್ಲಿ ಬೆಲೆ ಕೂಗಿ ಮೀನು ಕೊಂಡು, ಬಸ್ಸಿನ ಹಿಂಬಾಗಿಲಲ್ಲಿ ನಿಂತು, ಕಂಡಕ್ಟರನ ಗೊಣಗಾಟಕ್ಕೆ ಅಷ್ಟೇ ದೊಡ್ಡ ಸ್ವರದಲ್ಲಿ ಉತ್ತರ ಕೊಡುತ್ತ ತ್ರಾಸಿಯಲ್ಲಿ ಇಳಿಯುತ್ತಾಳೆ. ಗಂಡ ಕರಿಯ ದೋಣಿಗೆ ಹೋಗುತ್ತಿದ್ದವನು. ಬೆನ್ನು ಹಿಡಿದ ಮೇಲೆ ಮನೆಯಲ್ಲೇ ಕುಳಿತು ಬಲೆ ರಿಪೇರಿ ಮಾಡುತ್ತಾನೆ. ಮಗಳು ದಿವ್ಯಾಳನ್ನು ಡಿಗ್ರಿಯವರೆಗೆ ಓದಿಸಿ, ಮದುವೆ ಮಾಡಿ ಕೊಟ್ಟದ್ದು ಈ ಒಂದು ಹೆಡಿಗೆಯ ಬಲದಲ್ಲಿ.

ಅವಳ ವ್ಯಾಪಾರದ ರೀತಿ ವಿಚಿತ್ರ. ತನ್ನ ಮೀನನ್ನು ತಾನೇ ಬೇಡ ಎನ್ನುವ ಬೇರೆ ಯಾರನ್ನೂ ನಾನು ನೋಡಿಲ್ಲ. "ಇವತ್ತ್ ಬಂಗ್ಡಿ ತಕಣ್ಬೇಡಿ ಟೀಚ್ರೆ, ಐಸಂಗೆ ಇದ್ದದ್ದ್. ಮೊಟ್ಟಿ ಸಾರ್ ಮಾಡ್ಕಣಿ" ಎಂದು ಹೇಳಿ ಹೋದ ದಿನಗಳಿವೆ. ಪಾಸ್ಕಲ್ ಒಮ್ಮೆ, ಹೀಗಾದರೆ ನಿನ್ನ ಹೊಟ್ಟೆ ತುಂಬುವುದು ಹೇಗೆ ಎಂದು ಕೇಳಿದ್ದಕ್ಕೆ, ನಮ್ಮ ಕ್ರೈಸ್ತರನ್ನು ಊರವರು ಕರೆಯುವ ಹಾಗೆ ಕರೆದು ಹೇಳಿದಳು: "ಪೊರ್ಬುಗಳೆ, ಮೀನ್ ಇವತ್ತ್ ಹೋಯ್ಲಿಲ್ದಿರೆ ನಾಳೆ ಹೋತ್ತ್. ಗುಲಾಬಿ ಮೀನ್ ಹಾಳ್ ಅಂದೇಳಿ ಒಬ್ರ್ ಬಾಯಿಂದ ಬಂದ್ರೆ ಮತ್ತೆ ನಾ ಹೆಡ್ಗಿ ಹೊತ್ತ್ ಎಂತ ಮಾಡುದ್?"

ಪಾಸ್ಕಲ್‌ಗೆ ಹೃದಯದ ಆಪರೇಷನ್ ಆದಾಗ ಅವಳು ನಮ್ಮ ಇಗರ್ಜಿಗೆ ಹೋಗಿ ಸಂತ ಅಂತೋನಿಯ ಮುಂದೆ ಒಂದು ಮೇಣದ ಬತ್ತಿ ಹಚ್ಚಿ, ಹಾಗೆಯೇ ತನ್ನೂರಿನ ದೇವಸ್ಥಾನದಲ್ಲೂ ಹಣ್ಣುಕಾಯಿ ಮಾಡಿಸಿದ್ದಳು. "ನಿಮ್ ದೇವ್ರಿಗೂ ಹೇಳಿದೆ, ನಮ್ ದೇವ್ರಿಗೂ ಹೇಳಿದೆ. ಯಾರಾರೂ ಒಬ್ರ್ ಕೇಣ್ಲಿ" ಎಂದಳು. ನಾನು ಅವಳನ್ನು ಪ್ರೀತಿಸತೊಡಗಿದ್ದು ಬಹುಶಃ ಆ ದಿನದಿಂದ. ಆದರೆ ಪ್ರೀತಿ ಇದ್ದಲ್ಲಿ ಬುದ್ಧಿಯೂ ಇರುತ್ತದೆ ಎಂದು ಯಾರು ಹೇಳಿದರು?

ಈಗ ನನ್ನ ದಡ್ಡತನಕ್ಕೆ ಬರುತ್ತೇನೆ. ಕ್ಲಾಸಿಲ್ಲದ ಟೀಚರ್ ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ನಮ್ಮ ಇಗರ್ಜಿಯ ಮನೆಗಳನ್ನು ವಾಳೆಗಳಾಗಿ ಹಂಚಿದ್ದಾರೆ. ಪ್ರತಿ ವಾಳೆಗೂ ಒಬ್ಬರು ಗುರ್ಕಾರ, ಎಂದರೆ ಮುಖಂಡ. ನಮ್ಮ ವಾಳೆಯಲ್ಲಿ ನಮ್ಮದೂ ಸೇರಿ ಹನ್ನೊಂದು ಮನೆ. ಹಳೆಯ ಗುರ್ಕಾರರಿಗೆ ವಯಸ್ಸಾಗಿ ಆ ಕೆಲಸ ನನ್ನ ತಲೆಗೆ ಬಂತು, ನಾನು ಅದನ್ನು ಎರಡೂ ಕೈ ಚಾಚಿ ತೆಗೆದುಕೊಂಡೆ. ಜಪಮಾಲೆಗೆ ತಡವಾಗಿ ಬಂದವರನ್ನು ಕನ್ನಡಕದ ಮೇಲಿಂದ ನೋಡುವುದು, ಕೀರ್ತನೆ ತಪ್ಪಿದವರಿಂದ ಮತ್ತೊಮ್ಮೆ ಹಾಡಿಸುವುದು, ಎಲ್ಲ ಶುರುವಾಯಿತು. ಪಾಸ್ಕಲ್ ಮಾತ್ರ, "ಸೆವ್ರಿನ್, ಬೆತ್ತ ಒಂದು ಕಡಿಮೆ ಇದೆ, ತಂದು ಕೊಡಲಾ?" ಎಂದು ಕೇಳುತ್ತಿದ್ದರು.

ಕಳೆದ ವರ್ಷದ ತಪಸ್ಸಿನ ಕಾಲ ಹತ್ತಿರ ಬಂತು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ನಮ್ಮವರು ಮಾಂಸ ಬಿಡುತ್ತಾರೆ. ಮೀನು ಬಿಡುವುದಿಲ್ಲ, ಬಿಡಬೇಕೆಂದು ಇಗರ್ಜಿ ಹೇಳುವುದೂ ಇಲ್ಲ. ಹಾಗಾಗಿ ಕೋಳಿ ಬಿಟ್ಟ ಕೈ ನೇರ ಅಂಜಲ್ ಮೀನಿನ ಮೇಲೆ ಹೋಗುತ್ತದೆ. ನಮ್ಮ ಓಣಿಯಲ್ಲಿ ವರ್ಷದಲ್ಲೇ ಅತಿ ಹೆಚ್ಚು ಮೀನು ಹುರಿಯುವುದು ಆ ದಿನಗಳಲ್ಲಿ. ವಾಳೆಯ ಸಭೆಯಲ್ಲಿ ನಾನು ಎದ್ದು ನಿಂತು, ಇದು ತಪಸ್ಸೋ ಮೀನಿನ ಹಬ್ಬವೋ ಎಂದು ಕೇಳಿದೆ. ಈ ಸಲ ಹನ್ನೊಂದು ಮನೆಯೂ ಮೀನನ್ನೂ ಬಿಡಬೇಕು, ದಿನಕ್ಕೊಂದು ಹಿಡಿ ಅಕ್ಕಿ ತೆಗೆದಿಟ್ಟು ಕೊನೆಗೆ ಒಂದು ಬಡ ಮನೆಗೆ ಕೊಡಬೇಕು ಎಂದೆ.

ಎಂಬತ್ತು ದಾಟಿದ ಜುಲಿಯಾನಾ ಬಾಯಿ ಮಾತ್ರ ಬಾಯಿ ಬಿಟ್ಟರು. "ಇಗರ್ಜಿ ಹೇಳದ್ದನ್ನು ನೀನು ಯಾಕೆ ಹೇಳುತ್ತೀ ಮಗಳೇ?" ನಾನು ನಕ್ಕು, ತಪಸ್ಸು ಎಂದರೆ ಸ್ವಲ್ಪ ನೋಯಬೇಕು ಬಾಯಿ ಎಂದು ಉತ್ತರ ಕೊಟ್ಟೆ. ಯಾರಿಗೆ ನೋಯಬೇಕು ಎಂದು ಅವರು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಮುಂದಿನ ಭಾನುವಾರ ನಮ್ಮ ಪಾದ್ರಿಗಳು ಪೂಜೆಯಲ್ಲಿ ನಮ್ಮ ವಾಳೆಯ ಹೆಸರೆತ್ತಿ ಹೊಗಳಿದರು. ಕಣ್ಣು ತಗ್ಗಿಸಿ ಕುಳಿತಿದ್ದೆ, ಒಳಗೆ ಮಾತ್ರ ಸ್ಕೂಲ್ ಡೇಯಲ್ಲಿ ಮೊದಲ ಬಹುಮಾನ ಬಂದವಳ ಹಾಗೆ ಉಬ್ಬಿದ್ದೆ.

ಬೂದಿ ಬುಧವಾರ ಬೆಳಿಗ್ಗೆ ಗುಲಾಬಿ ಬಂದಾಗ ನಾನು ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಇಗರ್ಜಿಗೆ ಹೋಗಿದ್ದೆ. ಬಾಗಿಲಿಗೆ ಬಂದವರು ಪಾಸ್ಕಲ್. ನಲವತ್ತು ದಿನ ಮೀನಿಲ್ಲ ಎಂಬ ಸಿಟ್ಟಿನಲ್ಲಿದ್ದ ಮನುಷ್ಯ, "ಟೀಚರ್ ಬೇಡ ಅಂದಿದ್ದಾರೆ" ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಉಳಿದ ಮನೆಗಳಲ್ಲೂ ಅವಳಿಗೆ ಸಿಕ್ಕಿದ್ದು ಅದೇ ಮಾತು. ಟೀಚರ್ ಬೇಡ ಅಂದಿದ್ದಾರೆ. ಮರುದಿನದಿಂದ ಅವಳು ನಮ್ಮ ಓಣಿಗೆ ಬರುವುದೇ ನಿಂತಿತು. ವ್ರತದ ವಿಷಯ ಯಾರೋ ಹೇಳಿರಬೇಕು, ಎಷ್ಟು ತಿಳುವಳಿಕೆಯವಳು ನೋಡಿ ಎಂದು ನಾನು ಪಾಸ್ಕಲ್ ಹತ್ತಿರ ಅವಳನ್ನು ಹೊಗಳಿದೆ. ವ್ರತದ ಸಂಗತಿಯನ್ನು ನಾನು ವಾಳೆಗೆ ಹೇಳಿದೆ, ಪಾದ್ರಿಗಳಿಗೆ ಹೇಳಿದೆ, ಕುವೈತಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಹೇಳಬೇಕಾದ ಒಬ್ಬಳಿಗೆ ಹೇಳಲಿಲ್ಲ.

ನಲವತ್ತು ದಿನ ಹೇಗೆ ಕಳೆಯಿತು ಎಂದು ಕೇಳಬೇಡಿ. ತೊಂಡೆಕಾಯಿ, ಅಲಸಂದೆ, ಮತ್ತೆ ತೊಂಡೆಕಾಯಿ. ನಾನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದೆ. ಹಿಡಿ ಅಕ್ಕಿ ಸೇರಿ ಸೇರಿ ಎರಡು ಚೀಲ ಆಯಿತು. ಕೊನೆಯ ವಾರ, ಬುಧವಾರದ ಸಭೆಯಲ್ಲಿ ಅಕ್ಕಿ ಯಾರಿಗೆ ಕೊಡುವುದು ಎಂಬ ಮಾತು ಬಂತು. ಜುಲಿಯಾನಾ ಬಾಯಿ ಹೇಳಿದರು: "ನಮ್ಮ ಗುಲಾಬಿಗೇ ಕೊಡಿ. ಮೀನು ವ್ಯಾಪಾರ ಬಿಟ್ಟಿದ್ದಾಳಂತೆ. ಹೆದ್ದಾರಿ ಬದಿಯ ಯಾವುದೋ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳಂತೆ, ನನ್ನ ಸೊಸೆ ನೋಡಿದಳು."

ಎಲ್ಲರೂ ಹೌದು ಹೌದು, ಪಾಪ, ಎಂದರು. ನಾನು ಕಾರ್ಯಕ್ರಮ ಪಟ್ಟಿ ಹಿಡಿದುಕೊಂಡು ನಿಂತೇ ಇದ್ದೆ. ಬಡ ಮನೆ ಹುಡುಕಲು ನಾವು ದೂರ ಹೋಗಬೇಕಾಗಿರಲಿಲ್ಲ, ನಾವೇ ಒಂದನ್ನು ತಯಾರು ಮಾಡಿದ್ದೆವು.

ಮರುದಿನ ಪವಿತ್ರ ಗುರುವಾರ. ಮಧ್ಯಾಹ್ನ ಮೂರರ ಹೊತ್ತಿಗೆ ಪಾಸ್ಕಲ್ ಮತ್ತು ನಾನು ರಿಕ್ಷಾದಲ್ಲಿ ಅಕ್ಕಿ ಹಾಕಿಕೊಂಡು ಕಿರಿಮಂಜೇಶ್ವರಕ್ಕೆ ಹೋದೆವು. ಕರಿಯ ಜಗಲಿಯಲ್ಲಿ ಬಲೆ ಹರಡಿಕೊಂಡು ಕುಳಿತಿದ್ದ. ನಮ್ಮನ್ನು ನೋಡಿ ಎದ್ದ, ಆದರೆ ಬನ್ನಿ ಎನ್ನಲಿಲ್ಲ. ಗುಲಾಬಿ ಆಗಷ್ಟೇ ಹೋಟೆಲಿನಿಂದ ಬಂದಿದ್ದಳು. ಸಾಬೂನು ನೀರಿನಲ್ಲಿ ಬೆರಳ ತುದಿ ಬಿರಿದಿತ್ತು. ಅಕ್ಕಿ ಚೀಲ ನೋಡಿ, "ಇದೆಂತಕ್ ಟೀಚ್ರೆ? ಅಕ್ಕಿ ಸೊಸೈಟ್ಯಗೆ ಸಿಕ್ಕತ್ತ್" ಎಂದಳು.

"ಮೀನು ಯಾಕೆ ಬಿಟ್ಟೆ ಗುಲಾಬಿ?"

ಅವಳು ಕರಿಯನ ಕಡೆ ನೋಡಿದಳು. ಅವನು ಬಲೆಯ ಗಂಟು ಬಿಡಿಸುತ್ತ ಹೇಳಿದ: "ಅವ್ಳಿಗ್ ಮೀನ್ ಮುಟ್ಟುಕೇ ಹೆದ್ರಿಕಿ ಆಯಿತ್ ಬಾಯಮ್ಮ. ಬಂದರಂಗೆ ಹೋಯಿ, ಆರ್ಸಿ ಆರ್ಸಿ, ಖಾಲಿ ಹೆಡ್ಗಿ ತಕಂಡ್ ಬಪ್ಪುದ್."

ಆಮೇಲೆ ಗುಲಾಬಿ ನಿಧಾನವಾಗಿ ಹೇಳಿದಳು. ಬೂದಿ ಬುಧವಾರಕ್ಕೆ ಎರಡು ದಿನ ಮೊದಲು ನಾನು ಬಂಗುಡೆ ಒತ್ತಿ ನೋಡಿ, ಯಾಕೋ ಸ್ವಲ್ಪ ಮೆತ್ತಗಾಗಿದೆಯಲ್ಲ ಎಂದಿದ್ದೆನಂತೆ. ನನಗೆ ನೆನಪೇ ಇಲ್ಲ. ಕಲಿತ ವಿದ್ಯೆ ತೋರಿಸಲು ಆಡಿದ ಮಾತಿರಬೇಕು. ಬುಧವಾರ ಹನ್ನೊಂದು ಮನೆಯಲ್ಲೂ ಟೀಚರ್ ಬೇಡ ಎಂದಿದ್ದಾರೆ ಎಂದಾಗ ಅವಳು ಲೆಕ್ಕ ಹಾಕಿದ್ದು ಒಂದೇ. ಟೀಚರ್ ತನ್ನ ಮೀನು ಹಾಳೆಂದು ಮನೆ ಮನೆಗೆ ಹೇಳಿದ್ದಾರೆ.

"ಹಾಗಿದ್ದರೆ ಬಂದು ಜಗಳ ಮಾಡಬೇಕಿತ್ತು. ಸುಮ್ಮನೆ ಯಾಕೆ ಕೂತೆ?" ಎಂದೆ. ನನ್ನ ಸ್ವರದಲ್ಲಿ ಸಿಟ್ಟಿತ್ತು, ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಿತ್ತು.

"ಜಗಳ ಹ್ಯಾಂಗ್ ಮಾಡುದ್? ಬೇರೆಯರ್ ಹೇಳಿರೆ ಮಾಡ್ತಿದ್ದೆ. ನೀವ್ ಸುಳ್ಳ್ ಹೇಳುದಿಲ್ಲೆ ಅಲ್ದಾ? ನೀವ್ ಹೇಳಿದ್ರಿ ಅಂದ್ರೆ ಕರೆಯೇ ಇಕ್ಕ್ ಅಂದ್ಕಂಡೆ. ನನ್ ಕಣ್ಣೇ ಹಾಳಾಯ್ತ್ ಅಂದ್ಕಂಡೆ."

ನನಗೆ ಅಳು ಬಂತು. ಅವಳ ನಂಬಿಕೆಯೇ ಅವಳನ್ನು ತಿಂದಿತ್ತು, ಆ ನಂಬಿಕೆ ನನ್ನ ಮೇಲಿನದು. ನಾನು ವ್ರತದ ವಿಷಯವನ್ನೆಲ್ಲ ಹೇಳಿದೆ. ಮೀನು ಬಿಟ್ಟರೆ ಪುಣ್ಯ ಎಂದುಕೊಂಡೆ, ನಿನ್ನನ್ನು ಯೋಚಿಸಲೇ ಇಲ್ಲ, ತಪ್ಪಾಯಿತು, ಕ್ಷಮಿಸು ಎಂದೆ. ಪಾಸ್ಕಲ್ ಪಕ್ಕದಲ್ಲಿ ನಿಂತು, ನನ್ನದೂ ತಪ್ಪಿದೆ, ಎರಡು ಮಾತು ಹೆಚ್ಚು ಆಡಿದ್ದರೆ ಮುಗಿಯುತ್ತಿತ್ತು ಎಂದರು.

ಗುಲಾಬಿ ಜಗಲಿಯ ಅಂಚಿನಲ್ಲಿ ಕುಳಿತಳು. ಆಮೇಲೆ, "ನಿಮ್ಮೇಲ್ ಸಿಟ್ಟಿಲ್ಲೆ ಟೀಚ್ರೆ" ಎಂದಳು. "ಆರೆ ನನ್ ಹತ್ರ ಹೇಳಿ ಎಂತ ಆತ್ತ್? ಹನ್ನೊಂದ್ ಮನಿ ಅಂಗ್ಳದಗೆ ಹೋಯ್ತಲಾ ನನ್ ಹೆಸ್ರ್. ಅಲ್ಲ್ ಬಂದ್ ಹೇಳಿ."

ಅಂದು ಸಂಜೆ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆದರು. ಅದಕ್ಕೂ ಮೊದಲು ನಾನು ಪಾಪನಿವೇದನೆಗೆ ಹೋಗಿ ಎಲ್ಲವನ್ನೂ ಹೇಳಿದ್ದೆ. ಮೂರು ನಮೋ ಮರಿಯಾ ಹೇಳು ಎಂದು ಪ್ರಾಯಶ್ಚಿತ್ತ ಕೊಟ್ಟರು. ಹೇಳಿದೆ. ಆದರೆ ನಿಜವಾದ ಪ್ರಾಯಶ್ಚಿತ್ತವನ್ನು ಮಧ್ಯಾಹ್ನವೇ ಗುಲಾಬಿ ವಿಧಿಸಿ ಆಗಿತ್ತು, ಅದು ಮೂರು ಪ್ರಾರ್ಥನೆಯಲ್ಲಿ ಮುಗಿಯುವಂಥದ್ದಲ್ಲ. ಹೆಡ್‌ಮಿಸ್ ಆಗಿದ್ದವಳು ಓಣಿಯಲ್ಲಿ ಮನೆಯಿಂದ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕು. ಶುಭ ಶುಕ್ರವಾರ ಇಡೀ ದಿನ ಮೊಣಕಾಲೂರಿದ್ದರೂ ನನ್ನ ತಲೆಯಲ್ಲಿ ಇದ್ದದ್ದು ಅದೇ.

ಶನಿವಾರ ಬೆಳಿಗ್ಗೆ ಗುಲಾಬಿಯನ್ನು ಹೊರಡಿಸಿಕೊಂಡು ಗಂಗೊಳ್ಳಿ ಬಂದರಿಗೆ ನಾನೂ ಹೋದೆ. ಒಬ್ಬಳೇ ಮೀನು ಆರಿಸುವ ಧೈರ್ಯ ಅವಳಿಗೆ ಇರಲಿಲ್ಲ. ದೋಣಿಯಿಂದ ಇಳಿದ ಬಂಗುಡೆಯನ್ನು ಎತ್ತುವಳು, ಕಿವಿರು ನೋಡುವಳು, ಮತ್ತೆ ಇಡುವಳು. ಮೂರು ಗುಡ್ಡೆ ಹೀಗೇ ಬಿಟ್ಟಳು. ಏಲಂ ಕೂಗುವವನು, "ಗುಲಾಬಕ್ಕ, ಮೀನ್ ತಕಂತ್ರ್ಯಾ, ಜಾತ್ಕ ಕಾಂತ್ರ್ಯಾ?" ಎಂದು ಕೇಳಿದ. ಅವಳು ನಗಲಿಲ್ಲ. ನನ್ನ ಕಡೆ ತಿರುಗಿ, "ಕಾಣಿ ಟೀಚ್ರೆ, ಕೆಂಪ್ ಇತ್ತಾ?" ಎಂದಳು. ಇದ್ದ ವಿದ್ಯೆಯೆಲ್ಲ ಅವಳು ಕಲಿಸಿದ್ದು. ಕೆಂಪಿದೆ ಗುಲಾಬಿ ಎಂದೆ. ಆಗ ಆ ಗುಡ್ಡೆ ಹಿಡಿದಳು.

ಮೊದಲ ಮನೆ ಜುಲಿಯಾನಾ ಬಾಯಿಯದು. ಬಾಯಿ, ಮಗ, ಸೊಸೆ ಅಂಗಳಕ್ಕೆ ಬಂದರು. ಬೇಲಿಯ ಆಚೆ ಈಚೆಯ ಮನೆಯವರೂ ಟೀಚರು ಹೆಡಿಗೆಯ ಹಿಂದೆ ಬಂದ ಚೋದ್ಯ ನೋಡಲು ನಿಂತರು. ನಾನು ನಡೆದದ್ದನ್ನು ಹೇಳಿದೆ. ಗುಲಾಬಿಯ ಮೀನಿನಲ್ಲಿ ಯಾವ ತಪ್ಪೂ ಇರಲಿಲ್ಲ, ತಪ್ಪು ನನ್ನದು ಎಂದೆ. ಎಲ್ಲರೂ ಹೌದೆಂದು ತಲೆ ಆಡಿಸಿದರು. ಸೊಸೆ ಬಹಳ ಮರ್ಯಾದೆಯಿಂದ, "ಆಯಿತು ಟೀಚರ್, ನಾಳೆ ಹೇಗೂ ಈಸ್ಟರ್. ವ್ರತ ಇನ್ನೊಂದೇ ದಿನ ಅಲ್ಲವಾ, ಸೋಮವಾರದಿಂದ ಮೀನು ತೆಗೆದುಕೊಳ್ಳುತ್ತೇವೆ" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನು ಕಲಿಸಿದ ಪಾಠವನ್ನೇ ಒಪ್ಪಿಸಿದ್ದಳು. ಆದರೆ ಗುಲಾಬಿ ಆಗಲೇ ಬಾಗಿ ಹೆಡಿಗೆಯ ಅಂಚು ಹಿಡಿದಿದ್ದಳು. ಅವಳ ಕಿವಿಗೆ ಬಿದ್ದದ್ದು ಇನ್ನೊಂದು ಬೇಡ ಎಂಬ ಮಾತು. ನನ್ನ ಬಾಯಿಮಾತು ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ನನಗೆ ಆಗ ತಿಳಿಯಿತು.

ಹುಟ್ಟಿದ ಮೇಲೆ ನಾನು ಹಿಡಿದ ಒಂದು ವ್ರತವನ್ನೂ ಮುರಿದಿಲ್ಲ. ಮನೆಯ ಕ್ಯಾಲೆಂಡರಿನಲ್ಲಿ ಒಂದೇ ಒಂದು ಗೀಟು ಬಾಕಿ ಇತ್ತು. ಆ ಗೀಟಿನ ಮೇಲೆ ನನಗೆ ಎಷ್ಟು ಆಸೆಯಿತ್ತು ಎಂದು ಹೇಳಿದರೆ ನಾಚಿಕೆ. ದೇವರಿಗಾಗಿ ಹಾಕಿದ ಗೀಟು ಎಂದುಕೊಂಡಿದ್ದೆ. ನನಗೆ ನಾನೇ ಕೊಟ್ಟುಕೊಂಡ ಮಾರ್ಕು ಅದು.

"ಎರಡು ಬಂಗುಡೆ ತೆಗೆ ಗುಲಾಬಿ" ಎಂದೆ. ಸೊಸೆಗೆ, "ಇದನ್ನು ಈಗಲೇ ಹುರಿದು ತಾ ಮಗಾ. ಗಂಜಿ ಇದ್ದರೆ ಗಂಜಿಯೂ ಬರಲಿ" ಎಂದೆ.

"ಬ್ಯಾಡ ಟೀಚ್ರೆ" ಎಂದು ಗುಲಾಬಿ ನನ್ನ ಕೈ ಹಿಡಿದಳು. "ನಿಮ್ ವ್ರತ ಹಾಳ್ ಮಾಡ್ಕಣ್ಬೇಡಿ. ನಾಳೆ ತಿನ್ನಿ. ನಂಗ್ ಬೇಜಾರಿಲ್ಲೆ."

ಅವಳಿಗೆ ನನ್ನ ವ್ರತದ ಚಿಂತೆ. ನಲವತ್ತು ದಿನ ಅವಳ ಚಿಂತೆ ಮಾಡದವಳ ವ್ರತ. ನಾನು ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಜುಲಿಯಾನಾ ಬಾಯಿ ಸೊಸೆಯನ್ನು ಒಳಗೆ ಕಳಿಸಿ, ನನ್ನ ಪಕ್ಕದಲ್ಲೇ ಕುಳಿತು, "ಈಗ ನೀನು ಸರಿಯಾದ ಟೀಚರ್ ಆದೆ" ಎಂದು ನನ್ನ ಬೆನ್ನು ತಟ್ಟಿದರು. ಒಳಗೆ ಎಣ್ಣೆ ಕಾಯುವ ಸದ್ದು, ಮಸಾಲೆಯ ವಾಸನೆ ಬಂತು. ಬೇಲಿಯ ಹತ್ತಿರ ಬಂದು ನಿಂತಿದ್ದ ಪಾಸ್ಕಲ್ ಗಂಟಲು ಸರಿಪಡಿಸಿಕೊಂಡರು, ದುಃಖಕ್ಕೋ ಆಸೆಗೋ ದೇವರಿಗೇ ಗೊತ್ತು.

ತಟ್ಟೆ ಬಂತು. ಶಿಲುಬೆಯ ಗುರುತು ಮಾಡಿ, ಅಷ್ಟು ಜನರ ಮುಂದೆ, ವ್ರತ ಮುಗಿಯಲು ಒಂದು ದಿನ ಇರುವಾಗ, ನಾನು ಗಂಜಿಯ ಜೊತೆ ಮೀನು ತಿಂದೆ. ಗುಲಾಬಿ ಎದುರಿಗೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ಎಷ್ಟೋ ವಿದ್ಯಾರ್ಥಿಗಳು ರಿಸಲ್ಟ್ ದಿನ ಹಾಗೆ ನಿಂತಿದ್ದರು.

"ಹ್ಯಾಂಗಿತ್ತ್?" ಎಂದಳು, ಸಣ್ಣ ಸ್ವರದಲ್ಲಿ.

"ಒಳ್ಳೆಯ ಮೀನು" ಎಂದೆ. "ತಾಜಾ ಮೀನು."

"ನಂಗ್ ಹೇಳುದಲ್ಲ. ಆ ಕಡಿ ಮನಿಯರಿಗೆ ಕೇಣುದಿಲ್ಲೆ. ದೊಡ್ಡಕ್ ಹೇಳಿ."

ನಾನು ಎದ್ದು ನಿಂತೆ. ಅಸೆಂಬ್ಲಿಯಲ್ಲಿ ಮೈಕ್ ಕೆಟ್ಟ ದಿನ ಆಡುತ್ತಿದ್ದ ಸ್ವರ ತೆಗೆದು, ಗುಲಾಬಿಯ ಹೆಡಿಗೆಯಲ್ಲಿ ಹಾಳು ಮೀನನ್ನು ನಾನು ಒಂದು ದಿನವೂ ಕಂಡಿಲ್ಲ, ಅವಳ ಕಣ್ಣಿನಷ್ಟು ನಂಬಿಕೆಯ ಕಣ್ಣು ಈ ಕರಾವಳಿಯಲ್ಲಿಲ್ಲ ಎಂದು ಹೇಳಿದೆ. ಓಣಿಯ ಕೊನೆಯ ಮನೆಯ ಬಾಗಿಲು ತೆರೆಯಿತು. ಅವರಿಗೆಂದು ಇನ್ನೊಮ್ಮೆ ಹೇಳಿದೆ. ಮೂರನೇ ಸಲಕ್ಕೂ ಬಾಯಿ ತೆರೆದೆ.

ಗುಲಾಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಕ್ ಟೀಚ್ರೆ, ನೀವ್ ಕೂಕಣಿ" ಎಂದಳು. "ಇನ್ ಮೀನ್ ನಾ ಮಾರ್ತೆ."